ಅಮೃತಮಹಲ್ ಕಾವಲಿನಿಂದ ಟಿ-72ರವರೆಗೆ: ಯುದ್ಧವಾಹನಗಳ ಆಯುಷ್ಯವೃದ್ಧಿ – ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ಸೈನಿಕ ಇತಿಹಾಸವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಕೋಟೆ, ಕದನ, ಸೇನಾನಿ ಹಾಗೂ ವೀರಗಲ್ಲುಗಳ ಸುತ್ತ ಬೆಳೆದು ಬಂದಿವೆ. ಸೈನ್ಯವನ್ನು ಚಲಿಸುವಂತೆ ಮಾಡಿದ ಸಾಧನಗಳು, ಅವುಗಳ ಪೋಷಣೆ ಹಾಗೂ ದುರಸ್ತಿ, ಅವು ಹಳತಾದಾಗ ಪ್ರಭುತ್ವಗಳು ಕೈಗೊಂಡ ನಿರ್ಧಾರಗಳು ಅಷ್ಟಾಗಿ ಗಮನ ಸೆಳೆದಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತ ಪಡೆದ ಸೋವಿಯತ್ ಮೂಲದ ಟ್ಯಾಂಕುಗಳು ಇಂದಿಗೂ ಸೇವೆಯಲ್ಲಿ ಉಳಿದಿರುವುದಕ್ಕೆ ಕೋಲಾರ ಚಿನ್ನದ ಗಣಿ ಪ್ರದೇಶ ಹಾಗೂ ಬೆಂಗಳೂರಿನ ಉದ್ಯಮಗಳು ನೀಡಿದ ಕೊಡುಗೆ ಇಂಥ ಅಲಕ್ಷಿತ ವಿಷಯಗಳಲ್ಲಿ ಒಂದು. ಹಳೆಯ ಯುದ್ಧಸಾಧನವನ್ನು ತ್ಯಜಿಸಬೇಕೋ ನವೀಕರಿಸಬೇಕೋ ಎಂಬ ಪ್ರಶ್ನೆ ಈ ನಾಡಿಗೆ ಹೊಸದಲ್ಲ. ಅದೇ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೃತಮಹಲ್ ಎತ್ತುಗಳ ವಿಷಯದಲ್ಲಿಯೂ ಉದ್ಭವಿಸಿತ್ತು. ಈ ಎರಡೂ ಪ್ರಸಂಗಗಳನ್ನು ಒಟ್ಟಿಗೆ ಇರಿಸಿ, ಯುದ್ಧವಾಹನವೊಂದರ ಆಯುಷ್ಯವನ್ನು ನಿರ್ಧರಿಸುವ ಅಂಶಗಳು ಯಾವುವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕುದಾಪುರದ ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರ ಈ ವಿಷಯಕ್ಕೆ ಪ್ರವೇಶ ದೊರಕಿಸುವ ಸ್ಥಳ. ಚಳ್ಳಕೆರೆ ಮತ್ತು ಮೊಳಕಾಲ್ಮುರು ಸೀಮೆಗಳ ಮಳೆ ಕಡಿಮೆಯ, ವಿಶಾಲವಾದ ಹುಲ್ಲುಗಾವಲುಗಳಲ್ಲಿ ಹಲವು ಅಮೃತಮಹಲ್ ಕಾವಲುಗಳೆಂದು ದಾಖಲಾಗಿದ್ದವು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿದ್ದ ಅರಮನೆಯ ಪಶುಶಾಲೆ, ಹೈದರ್ ಅಲಿಯ ಕಾಲದಲ್ಲಿ ಸೈನಿಕ ಸಾಗಾಣಿಕೆಯ ಅಂಗವಾಯಿತು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತಮಹಲ್’ ಎಂಬ ಹೆಸರನ್ನಿಟ್ಟು, ಅದರ ಆಡಳಿತಕ್ಕಾಗಿ ಹುಕುಂನಾಮೆಯನ್ನು ಹೊರಡಿಸಿದನು. ಬೇಸಿಗೆ, ಮಳೆಗಾಲ ಹಾಗೂ ಚಳಿಗಾಲದ ಕಾವಲುಗಳೆಂದು ಹುಲ್ಲುಗಾವಲುಗಳನ್ನು ವಿಂಗಡಿಸಿ, ಋತುಮಾನಕ್ಕೆ ತಕ್ಕಂತೆ ಮಂದೆಗಳನ್ನು ಸಾಗಿಸುವ ಕ್ರಮ ರೂಢಿಯಲ್ಲಿತ್ತು.

ಈ ಎತ್ತುಗಳು ಫಿರಂಗಿಗಳನ್ನು ಎಳೆಯುತ್ತಿದ್ದವು. ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ಕ್ರಮಿಸಿದುದನ್ನೂ, ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದು ತಿಂಗಳಲ್ಲಿ ಪರ್ಯಾಯದ್ವೀಪವನ್ನು ದಾಟಿದುದನ್ನೂ ಮೈಸೂರು ಗ್ಯಾಸೆಟಿಯರು ಈ ತಳಿಯ ಹಿರಿಮೆಗೆ ನಿದರ್ಶನವಾಗಿ ನೀಡುತ್ತದೆ. ಎತ್ತುಗಳ ಸೇವಾವಧಿಯ ಲೆಕ್ಕಾಚಾರವೂ ಅಲ್ಲಿ ಸಿಗುತ್ತದೆ. ಏಳನೆಯ ವರ್ಷಕ್ಕೆ ಪೂರ್ಣ ಬಲ, ಹನ್ನೆರಡರ ಅನಂತರ ಇಳಿಮುಖ ಎಂಬುದು ಅದರ ಸಾರ. ಅಂದರೆ ಯುದ್ಧಸಾಧನಕ್ಕೆ ಆಯುಷ್ಯವನ್ನು ಗೊತ್ತುಪಡಿಸಿ, ಅದರಂತೆ ಹೊಸದನ್ನು ಸಿದ್ಧಪಡಿಸುವ ವ್ಯವಸ್ಥೆ ಇಲ್ಲಿ ಯಂತ್ರಯುಗಕ್ಕಿಂತ ಮೊದಲೇ ಇತ್ತು.

1860ರ ನಿರ್ಧಾರ ಮತ್ತು ಅದರ ಪಾಠ

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅಮೃತಮಹಲ್ ಬ್ರಿಟಿಷರ ವಶಕ್ಕೆ ಬಂದಿತು. ಮೊದಲ ವರ್ಷಗಳ ಅನಾದರದಿಂದ ಮಂದೆಗಳು ಕ್ಷೀಣಿಸಿದವು. 1813ರಲ್ಲಿ ಮದ್ರಾಸು ಸೇನೆಯ ಸರಬರಾಜು ವಿಭಾಗದ ಕ್ಯಾಪ್ಟನ್ ಹಾರ್ವೆಯನ್ನು ಮೇಲ್ವಿಚಾರಣೆಗೆ ನೇಮಿಸಿದ ಬಳಿಕ ಅವು ಚೇತರಿಸಿಕೊಂಡವು. ಟಿಪ್ಪುವಿನ ಹುಕುಂನಾಮೆಯ ನಿಯಮಗಳನ್ನೇ ಬ್ರಿಟಿಷ್ ಅಧಿಕಾರಿಗಳು ಬಹುಪಾಲು ಅನುಸರಿಸಿದರು ಎಂಬುದು ಗಮನಾರ್ಹ. ಆದರೆ 1860ರಲ್ಲಿ ಮಿತವ್ಯಯದ ಕಾರಣ ನೀಡಿ ಇಲಾಖೆಯನ್ನೇ ರದ್ದುಗೊಳಿಸಿ ಮಂದೆಗಳನ್ನು ಮಾರಲಾಯಿತು. ಇದು ತಪ್ಪು ನಿರ್ಧಾರವೆಂಬುದು ಬೇಗನೆ ಮನವರಿಕೆಯಾಯಿತು. ಫಿರಂಗಿ ಎಳೆಯಬಲ್ಲ ಎತ್ತುಗಳು ಬೇರೆಡೆ ಸುಲಭವಾಗಿ ದೊರೆಯಲಿಲ್ಲ. 1866ರಲ್ಲಿ ಇಲಾಖೆಯನ್ನು ಮತ್ತೆ ಸ್ಥಾಪಿಸಬೇಕಾಯಿತು.

ಈ ಆರು ವರ್ಷಗಳ ಅಂತರ ಚಿಕ್ಕದಾದರೂ ಅದರ ಪಾಠ ದೊಡ್ಡದು. ಉತ್ತರಾಧಿಕಾರಿ ಸಿದ್ಧವಾಗುವ ಮುನ್ನ ಹಳೆಯ ಸಾಧನವನ್ನು ಕೈಬಿಟ್ಟರೆ ಕೇವಲ ಸಾಧನ ಮಾತ್ರ ನಷ್ಟವಾಗುವುದಿಲ್ಲ. ಅದನ್ನು ಪೋಷಿಸುವ ಜ್ಞಾನ, ಜನ ಹಾಗೂ ನೆಲೆಗಳೂ ಚದುರಿಹೋಗುತ್ತವೆ. ಅವುಗಳನ್ನು ಮರಳಿ ಕಟ್ಟುವುದು ಕಾಪಾಡಿಕೊಳ್ಳುವುದಕ್ಕಿಂತ ಕಷ್ಟ. ಒಂದು ಶತಮಾನದ ಬಳಿಕ ಸ್ವತಂತ್ರ ಭಾರತದ ಟ್ಯಾಂಕುದಳದ ಮುಂದೆ ನಿಂತ ಸಮಸ್ಯೆಯೂ ಮೂಲತಃ ಇದೇ.

ಸೋವಿಯತ್ ಟ್ಯಾಂಕುಗಳ ಆಗಮನ

1960ರ ದಶಕದಿಂದ ಭಾರತ ಸೋವಿಯತ್ ವಿನ್ಯಾಸದ ಟ್ಯಾಂಕುಗಳನ್ನು ಪಡೆಯತೊಡಗಿತು. 1971ರ ಯುದ್ಧದಲ್ಲಿ ಟಿ-55 ಹಾಗೂ ನೀರಿನಲ್ಲಿ ತೇಲಬಲ್ಲ ಹಗುರವಾದ ಪಿ.ಟಿ.-76 ಟ್ಯಾಂಕುಗಳು ಪಾಲ್ಗೊಂಡವು. ಆ ವರ್ಷದ ನವೆಂಬರ್‌ನಲ್ಲಿ ನಡೆದ ಗರೀಬ್‌ಪುರದ ಕದನದಲ್ಲಿ ಪಿ.ಟಿ.-76ಗಳು ವಹಿಸಿದ ಪಾತ್ರ ಪ್ರಸಿದ್ಧವಾದುದು. ಭಾರತದಲ್ಲಿ ಸೋವಿಯತ್ ಟ್ಯಾಂಕುಗಳ ಆಯುಷ್ಯವೃದ್ಧಿಯ ಮೊದಲ ದೊಡ್ಡ ಪ್ರಯೋಗ ನಡೆದುದು ಟಿ-55ರ ಮೇಲೆ. ಅದರ ಮೂಲ 100 ಮಿ.ಮೀ. ಫಿರಂಗಿಯನ್ನು ತೆಗೆದು, ವಿಜಯಂತ ಟ್ಯಾಂಕಿನಲ್ಲಿದ್ದಂಥ 105 ಮಿ.ಮೀ. ಫಿರಂಗಿಯನ್ನು ಅಳವಡಿಸಲಾಯಿತು. ಇದರಿಂದ ಟ್ಯಾಂಕಿನ ಹೊಡೆತದ ಬಲ ಹೆಚ್ಚಿದುದಲ್ಲದೆ, ದೇಶದಲ್ಲಿಯೇ ತಯಾರಾಗುವ ಮದ್ದುಗುಂಡು ಎರಡೂ ಬಗೆಯ ಟ್ಯಾಂಕುಗಳಿಗೆ ಒದಗುವಂತಾಯಿತು. ಒಡಲು ಸೋವಿಯತ್, ಫಿರಂಗಿ ಬ್ರಿಟಿಷ್ ಮೂಲದ್ದು, ಮದ್ದುಗುಂಡು ದೇಶೀಯ ಎಂಬ ಈ ಸಂಕರರೂಪವೇ ಮುಂದಿನ ನವೀಕರಣಗಳಿಗೆ ಮಾದರಿಯಾಯಿತು.

1970ರ ದಶಕದ ಕೊನೆಯಲ್ಲಿ ಭಾರತ ಟಿ-72 ಟ್ಯಾಂಕನ್ನು ಆರಿಸಿಕೊಂಡಿತು. ಅದು ಸೋವಿಯತ್ ಸೇನೆಯನ್ನು ಸೇರಿದ್ದು 1973ರಲ್ಲಿ. ಸುಮಾರು 41 ಟನ್ ತೂಕ, 125 ಮಿ.ಮೀ. ಫಿರಂಗಿ, ಗುಂಡು ತುಂಬುವವನ ಬದಲಿಗೆ ಯಂತ್ರವ್ಯವಸ್ಥೆ, ಆದ್ದರಿಂದ ಕೇವಲ ಮೂವರು ಸಿಬ್ಬಂದಿ, 780 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇವು ಅದರ ಮುಖ್ಯ ಲಕ್ಷಣಗಳು. ಆಮದಿನ ಬಳಿಕ ತಮಿಳುನಾಡಿನ ಆವಡಿಯ ಭಾರಿ ವಾಹನ ಕಾರ್ಖಾನೆಯಲ್ಲಿ ಪರವಾನಗಿಯ ಮೇರೆಗೆ ಅದರ ತಯಾರಿಕೆ ನಡೆಯಿತು. ‘ಅಜೇಯ’ ಎಂಬ ಹೆಸರು ಪಡೆದ ಈ ಟ್ಯಾಂಕುಗಳು ಸುಮಾರು 2,400ರಷ್ಟು ಭಾರತೀಯ ಸೇನೆಯಲ್ಲಿವೆ.

1991ರಲ್ಲಿ ಸೋವಿಯತ್ ಒಕ್ಕೂಟ ವಿಘಟನೆಗೊಂಡಾಗ ಟ್ಯಾಂಕಿನ ಬಿಡಿಭಾಗಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಗಳು ಹಲವು ರಾಷ್ಟ್ರಗಳಲ್ಲಿ ಹಂಚಿಹೋದವು. ಅದುವರೆಗೆ ಒಂದೇ ಮೂಲದಿಂದ ದೊರೆಯುತ್ತಿದ್ದ ಸರಬರಾಜು ಅನಿಶ್ಚಿತವಾಯಿತು. ದೇಶೀಯ ನವೀಕರಣದ ಅಗತ್ಯ ತೀವ್ರವಾದುದು ಈ ಸಂದರ್ಭದಲ್ಲಿ.

ದುರಸ್ತಿ ಮತ್ತು ನವೀಕರಣ

ಕನ್ನಡ ಶಾಸನಗಳಲ್ಲಿ ದೇವಾಲಯಗಳಿಗೆ ನೀಡಿದ ದತ್ತಿಗಳ ಸಂದರ್ಭದಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪ್ರಯೋಗ ಮತ್ತೆ ಮತ್ತೆ ಕಾಣಬರುತ್ತದೆ. ಒಡೆದುದನ್ನು, ಬಿರುಕುಬಿಟ್ಟುದನ್ನು ಸರಿಪಡಿಸಿ ಮೊದಲಿನ ಸ್ಥಿತಿಗೆ ತರುವುದು ಅದರ ಆಶಯ. ಟ್ಯಾಂಕಿನ ವಿಷಯದಲ್ಲಿ ಇದಕ್ಕೆ ಸಮಾನವಾದುದು ಸಮಗ್ರ ದುರಸ್ತಿ. ಸೇನೆಯ ಮೂಲ ಕಾರ್ಯಾಗಾರಗಳಲ್ಲಿ ಟ್ಯಾಂಕನ್ನು ಪೂರ್ತಿಯಾಗಿ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮತ್ತೆ ಜೋಡಿಸಲಾಗುತ್ತದೆ. ದೆಹಲಿಯ 505ನೆಯ ಮೂಲ ಕಾರ್ಯಾಗಾರದಲ್ಲಿ ಹೀಗೆ ಸಮಗ್ರ ದುರಸ್ತಿಗೊಂಡ ಮೊದಲ ಟಿ-90 ಟ್ಯಾಂಕು 2024ರ ಅಕ್ಟೋಬರ್‌ನಲ್ಲಿ ಹೊರಬಂದಿತು. ಆದರೆ ಎದುರಾಳಿಯ ಆಯುಧ ಬದಲಾದಾಗ ಮೊದಲಿನ ಸ್ಥಿತಿಗೆ ತರುವುದು ಸಾಲುವುದಿಲ್ಲ. ಆಗ ಬೇಕಾಗುವುದು ನವೀಕರಣ. ಟಿ-72ರ ನವೀಕರಣವನ್ನು ಮುಖ್ಯವಾಗಿ ಮೂರು ಅಂಗಗಳಲ್ಲಿ ಗುರುತಿಸಬಹುದು.

ಮೊದಲನೆಯದು ದೃಷ್ಟಿ. ಮೂಲ ಟಿ-72ರಲ್ಲಿ ಗುಂಡುಗಾರನು ರಾತ್ರಿ ವೇಳೆ ಗುರಿಯನ್ನು ನೋಡಲು ಅವಗೆಂಪು ಕಿರಣ ಬೀರುವ ದೀಪದ ನೆರವು ಬೇಕಾಗುತ್ತಿತ್ತು. ಅದರ ವ್ಯಾಪ್ತಿ ಒಂದು ಕಿಲೋಮೀಟರಿನ ಆಸುಪಾಸಿಗೆ ಸೀಮಿತವಾಗಿತ್ತು. ಮೇಲಾಗಿ, ಆ ಕಿರಣವನ್ನು ಗ್ರಹಿಸಬಲ್ಲ ಎದುರಾಳಿಗೆ ಟ್ಯಾಂಕು ಇರುವ ಸ್ಥಳ ತಾನಾಗಿಯೇ ಬಯಲಾಗುತ್ತಿತ್ತು. ಉಷ್ಣಬಿಂಬ ದರ್ಶಕವು ಯಾವ ಕಿರಣವನ್ನೂ ಬೀರದೆ, ವಸ್ತುಗಳು ಹೊರಸೂಸುವ ಶಾಖವನ್ನೇ ಚಿತ್ರವಾಗಿ ತೋರಿಸುತ್ತದೆ. ಆದ್ದರಿಂದ ಈ ಒಂದು ಬದಲಾವಣೆ ಟ್ಯಾಂಕಿನ ಹೋರಾಟದ ಅವಧಿಯನ್ನು ಹಗಲಿನಿಂದ ಇಡೀ ದಿನಕ್ಕೆ ವಿಸ್ತರಿಸುತ್ತದೆ.

ಎರಡನೆಯದು ಕವಚ. ಎರಡು ಲೋಹದ ಫಲಕಗಳ ನಡುವೆ ಸ್ಫೋಟಕವನ್ನಿರಿಸಿದ ಪೆಟ್ಟಿಗೆಗಳನ್ನು ಟ್ಯಾಂಕಿನ ಮೈಮೇಲೆ ಸಾಲಾಗಿ ಜೋಡಿಸುವುದು ಇದರ ವಿಧಾನ. ಕ್ಷಿಪಣಿಯ ಸಿಡಿತಲೆಯಿಂದ ಚಿಮ್ಮುವ ಲೋಹದ ಧಾರೆ ತಗುಲಿದೊಡನೆ ಪೆಟ್ಟಿಗೆ ಸಿಡಿದು, ಫಲಕಗಳು ಆ ಧಾರೆಯನ್ನು ಕದಡುತ್ತವೆ. ಪುಣೆಯ ಅಧಿಕಶಕ್ತಿ ವಸ್ತುಗಳ ಸಂಶೋಧನಾ ಪ್ರಯೋಗಾಲಯ ಅಭಿವೃದ್ಧಿಪಡಿಸಿದ ಇಂಥ ಕವಚವನ್ನು ನವೀಕರಿಸಿದ ಅಜೇಯ ಟ್ಯಾಂಕುಗಳಿಗೆ ತೊಡಿಸಲಾಯಿತು.

ಮೂರನೆಯದು ಎಂಜಿನ್. ಕವಚ ಹೆಚ್ಚಿದಂತೆ ತೂಕವೂ ಹೆಚ್ಚುತ್ತದೆ. 780 ಅಶ್ವಶಕ್ತಿಯ ಎಂಜಿನ್ ಮೂಲ ಟ್ಯಾಂಕಿಗೆ ಟನ್ನಿಗೆ ಸುಮಾರು 19 ಅಶ್ವಶಕ್ತಿಯನ್ನು ಒದಗಿಸುತ್ತಿತ್ತು. ಸೇರ್ಪಡೆಯಾದ ಪ್ರತಿಯೊಂದು ಭಾರವೂ ಅದನ್ನು ಕುಗ್ಗಿಸಿತು. 12 ಸಿಲಿಂಡರುಗಳ ಈ ಎಂಜಿನ್‌ನ ವಂಶಮೂಲ ಎರಡನೆಯ ಮಹಾಯುದ್ಧದ ಟಿ-34 ಟ್ಯಾಂಕಿನವರೆಗೆ ಹೋಗುತ್ತದೆ. 2020ರಿಂದ ಲಡಾಖಿನ ಎತ್ತರದ ಪ್ರದೇಶಗಳಲ್ಲಿ ಈ ಟ್ಯಾಂಕುಗಳನ್ನು ದೊಡ್ಡ ಪ್ರಮಾಣದಲ್ಲಿ ನಿಯೋಜಿಸಬೇಕಾಗಿ ಬಂದಾಗ ಎಂಜಿನ್‌ನ ಪ್ರಶ್ನೆ ಇನ್ನಷ್ಟು ಮುಖ್ಯವಾಯಿತು. ವಿರಳ ಗಾಳಿಯಲ್ಲಿ ಎಂಜಿನ್‌ಗಳ ಬಲ ಕುಂದುವುದು ಸಹಜ. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯವು ಟಿ-72ಗಳಿಗಾಗಿ 1000 ಅಶ್ವಶಕ್ತಿಯ ಎಂಜಿನ್‌ಗಳನ್ನು ಪಡೆಯಲು ರಷ್ಯಾದ ಸಂಸ್ಥೆಯೊಡನೆ 24.8 ಕೋಟಿ ಡಾಲರುಗಳ ಒಪ್ಪಂದಕ್ಕೆ ಸಹಿ ಹಾಕಿತು. ಅವುಗಳ ತಯಾರಿಕಾ ತಂತ್ರಜ್ಞಾನವನ್ನು ಆವಡಿಗೆ ವರ್ಗಾಯಿಸುವುದೂ ಅದರಲ್ಲಿ ಸೇರಿದೆ. ಟ್ಯಾಂಕು ಮೊದಲು ಬಂದು ನಾಲ್ಕು ದಶಕಗಳು ಕಳೆದ ಮೇಲೂ ಅದರ ಹೃದಯಕ್ಕಾಗಿ ಮೂಲದೇಶವನ್ನೇ ಆಶ್ರಯಿಸಬೇಕಾಯಿತು ಎಂಬ ಸಂಗತಿ, ನವೀಕರಣವು ಸ್ವಾವಲಂಬನೆಗೆ ಪರ್ಯಾಯವಲ್ಲ ಎಂಬುದನ್ನು ಸೂಚಿಸುತ್ತದೆ.

ಕರ್ನಾಟಕದ ಉದ್ಯಮಗಳ ಪಾತ್ರ

ಟ್ಯಾಂಕು ತಯಾರಾದುದು ಆವಡಿಯಲ್ಲಿ. ಅದರ ಕಣ್ಣು ಹಾಗೂ ಪರಿವಾರದ ಬಹುಭಾಗವನ್ನು ಒದಗಿಸಿದುದು ಕರ್ನಾಟಕ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸೇನೆಗೆ ರೇಡಿಯೋ, ರೇಡಾರ್ ಹಾಗೂ ರಾತ್ರಿದೃಷ್ಟಿ ಸಾಧನಗಳನ್ನು ಪೂರೈಸುತ್ತ ಬಂದಿದೆ. ಟಿ-72ರ ವಂಶದಲ್ಲಿಯೇ ಹುಟ್ಟಿ, 2001ರ ಒಪ್ಪಂದದಂತೆ ಭಾರತಕ್ಕೆ ಬಂದ ಟಿ-90 ಟ್ಯಾಂಕಿನ ಉದಾಹರಣೆ ಇಲ್ಲಿ ಉಪಯುಕ್ತ. ಅದರ ದಳಪತಿಯ ದರ್ಶಕ ಹಳೆಯ ಬಿಂಬಪರಿವರ್ತಕ ನಳಿಕೆಯನ್ನು ಆಧರಿಸಿತ್ತು. 957 ಟ್ಯಾಂಕುಗಳಲ್ಲಿ ಅದನ್ನು ಉಷ್ಣಬಿಂಬ ದರ್ಶಕಕ್ಕೆ ಬದಲಿಸಲು 2022ರ ಫೆಬ್ರವರಿಯಲ್ಲಿ ಈ ಸಂಸ್ಥೆಯೊಡನೆ 1,075 ಕೋಟಿ ರೂಪಾಯಿಗಳ ಒಪ್ಪಂದವಾಯಿತು. ಎಂಟು ಕಿಲೋಮೀಟರುಗಳಷ್ಟು ದೂರದ ಗುರಿಯನ್ನು ಹಗಲೂ ರಾತ್ರಿಯೂ ಗುರುತಿಸುವುದು ಅದರ ಸಾಮರ್ಥ್ಯವೆಂದು ಪ್ರಕಟಿಸಲಾಗಿದೆ.

1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್, ಅಂದರೆ ಇಂದಿನ ಬಿ.ಇ.ಎಂ.ಎಲ್., ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಭಾರಿ ಯಂತ್ರಗಳ ಕಾರ್ಖಾನೆಯನ್ನು ಹೊಂದಿದೆ. ಪೋಲೆಂಡಿನ ಸಹಯೋಗದಲ್ಲಿ ಟಿ-72ರ ಒಡಲನ್ನೇ ಆಧರಿಸಿದ ಡಬ್ಲ್ಯು.ಜಡ್.ಟಿ.-3 ಎಂಬ ಕವಚಸಹಿತ ಉದ್ಧಾರವಾಹನವನ್ನು ಈ ಸಂಸ್ಥೆ ಸೇನೆಗೆ ನೀಡಿತು. ರಣರಂಗದಲ್ಲಿ ಕೆಟ್ಟುನಿಂತ ಅಥವಾ ಹೂತುಹೋದ ಟ್ಯಾಂಕನ್ನು ಎಳೆದು ತರುವುದು, ಸ್ಥಳದಲ್ಲಿಯೇ ಎಂಜಿನ್ ಎತ್ತಿ ಬದಲಿಸಲು ನೆರವಾಗುವುದು ಇಂಥ ವಾಹನದ ಕೆಲಸ. ವಯಸ್ಸಾದ ಟ್ಯಾಂಕು ಹೆಚ್ಚು ಬಾರಿ ಕೆಡುವುದರಿಂದ ಉದ್ಧಾರವಾಹನವಿಲ್ಲದೆ ಅದರ ಆಯುಷ್ಯವೃದ್ಧಿಯ ಮಾತು ಅಪೂರ್ಣ. 2020ರ ಜುಲೈನಲ್ಲಿ ಟಿ-90 ಟ್ಯಾಂಕುಗಳ ಮುಂಭಾಗಕ್ಕೆ ಜೋಡಿಸುವ 1,512 ನೆಲಬಾಂಬು ನೇಗಿಲುಗಳನ್ನು 557 ಕೋಟಿ ರೂಪಾಯಿ ವೆಚ್ಚದಲ್ಲಿ ತಯಾರಿಸುವ ಹೊಣೆಯೂ ಬಿ.ಇ.ಎಂ.ಎಲ್.ಗೆ ದೊರೆಯಿತು. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಬಳಿಕ ಆ ಪಟ್ಟಣದಲ್ಲಿ ಉಳಿದ ಪ್ರಮುಖ ಉದ್ಯಮ ಇದೇ ಎಂಬುದನ್ನು ಗಮನಿಸಿದರೆ, ಹಳೆಯ ಟ್ಯಾಂಕುಗಳ ಸೇವೆ ಒಂದು ಹಳೆಯ ಪಟ್ಟಣದ ಬದುಕಿಗೂ ಆಧಾರವಾದುದು ತಿಳಿಯುತ್ತದೆ.

ಇದೇ ಸಂಸ್ಥೆಯ ಮೈಸೂರಿನ ಎಂಜಿನ್ ವಿಭಾಗದಲ್ಲಿ 2024ರ ಮಾರ್ಚ್ 20ರಂದು 1500 ಅಶ್ವಶಕ್ತಿಯ ದೇಶೀಯ ಟ್ಯಾಂಕು ಎಂಜಿನ್‌ನ ಮೊದಲ ಚಾಲನಾ ಪರೀಕ್ಷೆ ನಡೆಯಿತು. ಅದು ಟಿ-72ಕ್ಕಾಗಿ ರೂಪಿಸಿದುದಲ್ಲ, ಮುಂದಿನ ಪೀಳಿಗೆಯ ಟ್ಯಾಂಕುಗಳನ್ನು ಉದ್ದೇಶಿಸಿದುದು. ಆದರೂ ಟ್ಯಾಂಕಿನ ಎಂಜಿನ್‌ಗಾಗಿ ಪರದೇಶದ ಕಡೆ ನೋಡುವ ಪರಂಪರೆಗೆ ಕೊನೆ ಹಾಡುವ ಪ್ರಯತ್ನವಾಗಿ ಅದು ಮುಖ್ಯ.

ಉತ್ತರಾಧಿಕಾರಿಯ ಪ್ರಶ್ನೆ

ಟಿ-72 ಇಷ್ಟು ದೀರ್ಘಕಾಲ ಉಳಿದುದಕ್ಕೆ ಅದರ ಗುಣವೊಂದೇ ಕಾರಣವಲ್ಲ. ಅದರ ಸ್ಥಾನವನ್ನು ತುಂಬಬೇಕಾದ ಸಾಧನಗಳು ತಡವಾದುದೂ ಅಷ್ಟೇ ಮುಖ್ಯವಾದ ಕಾರಣ. 1974ರಲ್ಲಿ ಮಂಜೂರಾದ ಅರ್ಜುನ್ ಟ್ಯಾಂಕು ಯೋಜನೆ ಸೇನೆಗೆ ಟ್ಯಾಂಕುಗಳನ್ನು ಒಪ್ಪಿಸತೊಡಗಿದ್ದು 2004ರಲ್ಲಿ. ಅದರ ಮೊದಲ ಎರಡು ಬೇಡಿಕೆಗಳು ತಲಾ 124 ಟ್ಯಾಂಕುಗಳಿಗೆ ಸೀಮಿತವಾದವು. 2021ರಲ್ಲಿ ಸುಧಾರಿತ ರೂಪದ 118 ಟ್ಯಾಂಕುಗಳಿಗೆ ಬೇಡಿಕೆ ಸಲ್ಲಿಕೆಯಾಯಿತು. ಅದೇ ವರ್ಷ ಟಿ-72ಗಳ ಸ್ಥಾನದಲ್ಲಿ 1,770 ಹೊಸ ಯುದ್ಧವಾಹನಗಳನ್ನು ಪಡೆಯುವ ಉದ್ದೇಶದಿಂದ ಉತ್ಪಾದಕರಿಂದ ಮಾಹಿತಿ ಕೋರಲಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಆ ಯೋಜನೆಗೆ ರಕ್ಷಣಾ ಖರೀದಿ ಮಂಡಳಿಯ ಪ್ರಾಥಮಿಕ ಒಪ್ಪಿಗೆ ದೊರೆಯಿತು. ಸಂಖ್ಯೆಗಳನ್ನು ಹೋಲಿಸಿದಾಗ ಚಿತ್ರ ಸ್ಪಷ್ಟವಾಗುತ್ತದೆ. 2,400 ಹಳೆಯ ಟ್ಯಾಂಕುಗಳೆದುರು ದೇಶೀಯ ಅರ್ಜುನ್‌ಗಳ ಒಟ್ಟು ಬೇಡಿಕೆ 366.

ಈ ಸಂದರ್ಭದಲ್ಲಿ ಕುದಾಪುರ ಮತ್ತೆ ಪ್ರಸ್ತುತವಾಗುತ್ತದೆ. 2007ರ ಅನಂತರದ ವರ್ಷಗಳಲ್ಲಿ ಕುದಾಪುರ, ವರವು ಹಾಗೂ ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಭೂಮಿಯನ್ನು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಹಂಚಲಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ದೊರೆತರೆ, ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರ ತಲೆಯೆತ್ತಿತು. 2017ರ ಮೇ 28ರಂದು ಅದರ ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರ್‌ನಲ್ಲಿ, ರುಸ್ತುಂ-2 ಎಂಬ ಮಾನವರಹಿತ ವಿಮಾನ ಅಲ್ಲಿಂದ ಮೊದಲ ಹಾರಾಟ ನಡೆಸಿತ್ತು. ‘ತಪಸ್’ ಎಂಬ ಹೆಸರು ಪಡೆದ ಆ ವಿಮಾನದ ಮಾದರಿಗಳು 2019ರಲ್ಲಿಯೂ 2023ರಲ್ಲಿಯೂ ಚಿತ್ರದುರ್ಗ ಜಿಲ್ಲೆಯ ಹೊಲಗಳಲ್ಲಿ ಪತನಗೊಂಡವು. 30,000 ಅಡಿ ಎತ್ತರ ಹಾಗೂ 24 ಗಂಟೆಗಳ ಹಾರಾಟವೆಂಬ ಸೈನ್ಯದ ಅಪೇಕ್ಷೆಯನ್ನು ಅದು ಪೂರ್ಣವಾಗಿ ಮುಟ್ಟಲಿಲ್ಲ.

2022ರಿಂದ ಉಕ್ರೇನಿನಲ್ಲಿ ನಡೆದ ಯುದ್ಧವು ಟ್ಯಾಂಕಿಗೆ ಆಕಾಶದಿಂದ ಬರುವ ಅಪಾಯವನ್ನು ಜಗತ್ತಿಗೆ ತೋರಿಸಿಕೊಟ್ಟಿತು. ಅಲ್ಲಿ ಎರಡೂ ಪಕ್ಷಗಳು ಟಿ-72ಗಳನ್ನು ಬಳಸಿದವು, ಚಿಕ್ಕ ಮಾನವರಹಿತ ವಿಮಾನಗಳಿಗೆ ನೂರಾರು ಟ್ಯಾಂಕುಗಳು ಬಲಿಯಾದವು. ಆದರೂ ಟ್ಯಾಂಕನ್ನು ಯಾವ ಪಕ್ಷವೂ ಕೈಬಿಡಲಿಲ್ಲ. ರಷ್ಯಾ ಟಿ-62ರಂಥ ಇನ್ನೂ ಹಳೆಯ ಟ್ಯಾಂಕುಗಳನ್ನು ಉಗ್ರಾಣದಿಂದ ಹೊರತಂದು ನವೀಕರಿಸಿತು. ಹೊಸ ಆಯುಧ ಬಂದೊಡನೆ ಹಳೆಯದು ನಿರರ್ಥಕವಾಗುತ್ತದೆಂಬ ಗ್ರಹಿಕೆಗೆ ಇತಿಹಾಸದ ಬೆಂಬಲ ಕಡಿಮೆ.

ನವೀಕರಣದ ಮಿತಿ

ಹಾಗೆಂದು ನವೀಕರಣಕ್ಕೆ ಮಿತಿಯಿಲ್ಲವೆಂದಲ್ಲ. ಟಿ-72ರಲ್ಲಿ 22 ಸುತ್ತು ಮದ್ದುಗುಂಡುಗಳನ್ನು ಗೋಪುರದ ಕೆಳಗೆ, ಸಿಬ್ಬಂದಿಯ ಕಾಲಡಿಯ ಚಕ್ರಾಕಾರದ ತಟ್ಟೆಯಲ್ಲಿ ಇರಿಸಲಾಗುತ್ತದೆ; ಉಳಿದವು ಒಡಲಿನೊಳಗೆ ಅಲ್ಲಲ್ಲಿ ಇರುತ್ತವೆ. ಕವಚವನ್ನು ಭೇದಿಸಿದ ಹೊಡೆತ ಈ ಮದ್ದಿಗೆ ತಗುಲಿದರೆ ಗೋಪುರವೇ ಹಾರಿಹೋಗುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಕಂಡ ಈ ದೋಷ ಉಕ್ರೇನಿನಲ್ಲಿ ಮರುಕಳಿಸಿತು. ಟ್ಯಾಂಕನ್ನು ಚಿಕ್ಕದಾಗಿ, ತಗ್ಗಾಗಿ, ಮೂವರೇ ನಡೆಸುವಂತೆ ಮಾಡಿದ ವಿನ್ಯಾಸವೇ ಈ ದೋಷದ ಮೂಲ. ಆದ್ದರಿಂದ ದರ್ಶಕ, ಕವಚ, ಎಂಜಿನ್‌ಗಳನ್ನು ಬದಲಿಸಬಹುದಾದರೂ ಇದನ್ನು ಬದಲಿಸಲಾಗದು.

ಯಂತ್ರದ ವಯಸ್ಸಿಗೆ ಸಂಬಂಧಿಸದ ಅಪಾಯಗಳೂ ಇವೆ. 2024ರ ಜೂನ್ 28ರ ರಾತ್ರಿ ಪೂರ್ವ ಲಡಾಖಿನ ಶ್ಯೋಕ್ ನದಿಯಲ್ಲಿ ನೀರು ಹಠಾತ್ತನೆ ಏರಿ, ತರಬೇತಿ ಮುಗಿಸಿ ಹಿಂದಿರುಗುತ್ತಿದ್ದ ಟಿ-72 ಟ್ಯಾಂಕೊಂದು ಸಿಕ್ಕಿಕೊಂಡು ಐವರು ಯೋಧರು ಮೃತರಾದರು. ಪ್ರವಾಹದ ರಭಸದಿಂದ ರಕ್ಷಣಾ ಪ್ರಯತ್ನ ಫಲಿಸಲಿಲ್ಲ. ಯುರೋಪಿನ ಬಯಲಿಗಾಗಿ ರೂಪುಗೊಂಡ ವಾಹನವೊಂದು ಐವತ್ತು ವರ್ಷಗಳ ಬಳಿಕ ಹಿಮಾಲಯದ ನದಿಗಳಲ್ಲಿ ದುಡಿಯುತ್ತಿದೆ ಎಂಬ ಅರಿವಿನೊಡನೆ ನವೀಕರಣದ ಲೆಕ್ಕ ನಡೆಯಬೇಕಾಗುತ್ತದೆ. ಆ ಲೆಕ್ಕದ ಕೊನೆಯಲ್ಲಿ ಇರುವುದು ಟ್ಯಾಂಕಿನೊಳಗಿನ ಮೂವರ ಜೀವ.

ಉಪಸಂಹಾರ

ಒಟ್ಟಾರೆ ನೋಡಿದಾಗ, ಯುದ್ಧವಾಹನದ ಆಯುಷ್ಯವನ್ನು ಅದರ ಲೋಹವಾಗಲಿ ದೇಹವಾಗಲಿ ಮಾತ್ರ ನಿರ್ಧರಿಸುವುದಿಲ್ಲ. ಅದನ್ನು ಪೋಷಿಸುವ ಸಂಸ್ಥೆಗಳ ಜಾಲ ಹಾಗೂ ಉತ್ತರಾಧಿಕಾರಿಯ ಸಿದ್ಧತೆ ಎರಡೂ ಸೇರಿ ನಿರ್ಧರಿಸುತ್ತವೆ ಎಂಬುದು ಸ್ಪಷ್ಟವಾಗುತ್ತದೆ. 1860ರಲ್ಲಿ ಅಮೃತಮಹಲನ್ನು ರದ್ದುಗೊಳಿಸಿದವರು ಈ ಜಾಲದ ಬೆಲೆಯನ್ನು ಅರಿಯದೆ ಹೋದರು. ಟಿ-72ರ ವಿಷಯದಲ್ಲಿ ಜಾಲ ಉಳಿದುಕೊಂಡಿತು. ಬೆಂಗಳೂರು, ಕೋಲಾರ ಚಿನ್ನದ ಗಣಿ ಪ್ರದೇಶ ಹಾಗೂ ಆವಡಿಗಳು ಅದನ್ನು ಜೀವಂತವಾಗಿರಿಸಿದವು. ಆದರೆ ನವೀಕರಣ ಸಾಧ್ಯವಿದೆ ಎಂಬ ಭರವಸೆಯೇ ಉತ್ತರಾಧಿಕಾರಿಯ ಸಿದ್ಧತೆಯನ್ನು ಮುಂದೂಡಲು ನೆರವಾಯಿತು ಎಂಬುದನ್ನೂ ಅಲ್ಲಗಳೆಯಲಾಗದು.

ಫಿರಂಗಿ ಎಳೆಯುವ ಕೆಲಸ ಮುಗಿದ ಮೇಲೂ ಕಾವಲುಗಳು ನಿರುಪಯುಕ್ತವಾಗಿರಲಿಲ್ಲ. ಮ್ಯಾಸಬೇಡರ ದೇವರ ಎತ್ತುಗಳು, ಕಾಡುಗೊಲ್ಲರ ದನಗಳು, ಕುರುಬರ ಕುರಿಮಂದೆಗಳು ಅವುಗಳನ್ನು ಆಶ್ರಯಿಸಿದ್ದವು. ಚಳ್ಳಕೆರೆಯ ಕಂಬಳಿಯ ಉಣ್ಣೆಯೂ ಆ ಹುಲ್ಲಿನ ಫಲವೇ. ಭೂಮಿಯ ಹಂಚಿಕೆಯನ್ನು ಸ್ಥಳೀಯರು ಪ್ರಶ್ನಿಸಿದರು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ, 2014ರಲ್ಲಿ ಅದರ ತೀರ್ಪು ಹೊರಬಿದ್ದಿತು. ಹಳೆಯ ಟ್ಯಾಂಕಿನ ಲೆಕ್ಕದಲ್ಲಿ ಉಳಿಕೆ ಮೌಲ್ಯವೆಂಬ ಅಂಕಣವೊಂದು ಇರುತ್ತದೆ. ಹಳೆಯ ಯುದ್ಧವ್ಯವಸ್ಥೆ ಬಿಟ್ಟುಹೋದ ಹುಲ್ಲುಗಾವಲಿಗೂ ಅಂಥ ಅಂಕಣವಿರಬೇಕಿತ್ತು ಎಂಬುದನ್ನು ಕುದಾಪುರದ ಇತಿಹಾಸ ನೆನಪಿಸುತ್ತದೆ.